‘ಕೆನರೀಸ್’ ಪದದ ಅರ್ಥ ಮತ್ತು ಮೂಲ: ಚಿಕ್ಕೋಡಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಒಂದು ನಾಡಿನ ಜನ ತಮ್ಮನ್ನು ಕರೆದುಕೊಳ್ಳುವ ಹೆಸರು ಒಂದಾದರೆ, ಹೊರಗಿನಿಂದ ಬಂದವರು ಅವರಿಗೆ ಇಡುವ ಹೆಸರು ಮತ್ತೊಂದಾಗುವುದು ಇತಿಹಾಸದಲ್ಲಿ ಅಪರೂಪವಲ್ಲ. ಕನ್ನಡ ಭಾಷೆಗೆ ಇಂಗ್ಲಿಷಿನಲ್ಲಿ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ರೂಢಿಯಲ್ಲಿದ್ದ ಹೆಸರು ‘ಕೆನರೀಸ್’. ಇಂದು ಈ ಪದ ಹಳೆಯ ನಿಘಂಟು, ಗ್ಯಾಸೆಟಿಯರ್ ಹಾಗೂ ಶಾಸನ ಸಂಪುಟಗಳ ಶೀರ್ಷಿಕೆಗಳಲ್ಲಿ ಮಾತ್ರ ಉಳಿದಿದೆ. ಇದರ ಒಡಹುಟ್ಟಿದ ಪದಗಳು ‘ಕೆನರಾ’ ಮತ್ತು ‘ಕರ್ನಾಟಿಕ್’. ಮೂರೂ ಪದಗಳ ಮೂಲ ಒಂದೇ. ಆದರೆ ಇಂಗ್ಲಿಷ್ ಬಳಕೆಯಲ್ಲಿ ಅವು ಮೂರು ದಿಕ್ಕಿಗೆ ಚದುರಿದವು. ‘ಕೆನರಾ’ ಪಡುವಣ ಕರಾವಳಿಗೆ ಅಂಟಿಕೊಂಡಿತು, ‘ಕರ್ನಾಟಿಕ್’ ಮೂಡಣ ಕರಾವಳಿಯ ಆರ್ಕಾಟಿಗೆ ಹೋಯಿತು, ‘ಕೆನರೀಸ್’ ಭಾಷೆಯ ಹೆಸರಾಗಿ ನಿಂತಿತು. ಕೃಷ್ಣಾ ತೀರದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಈ ಮೂರರಲ್ಲಿ ಒಂದೂ ನಾಡಿನ ಹೆಸರಾಗಿ ಒದಗಲಿಲ್ಲ. ಆಂಗ್ಲ ಆಡಳಿತದ ಕಡತಗಳಲ್ಲಿ ಈ ಸೀಮೆ ‘ಸದರ್ನ್ ಮರಾಠಾ ಕಂಟ್ರಿ’, ಅಂದರೆ ದಕ್ಷಿಣ ಮರಾಠಾ ಸೀಮೆ, ಎಂದೇ ದಾಖಲಾಯಿತು. ಹೀಗೆ ಭಾಷೆಗೆ ಒಂದು ಹೆಸರು, ಆ ಭಾಷೆಯನ್ನಾಡುವ ನೆಲಕ್ಕೆ ಇನ್ನೊಂದು ಹೆಸರು ಎಂಬ ಸ್ಥಿತಿ ಉಂಟಾಯಿತು. ಈ ಬೇರ್ಪಾಟು ಹೇಗೆ ಒದಗಿತು, ಅದರ ಪರಿಣಾಮಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದದ ರೂಪ

‘ಕೆನರೀಸ್’ ಪದದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ‘ಕೆನರಾ’ ಎಂಬ ನಾಡಿನ ಹೆಸರು. ಎರಡನೆಯದು ಪೋರ್ಚುಗೀಸ್, ಚೈನೀಸ್ ಮೊದಲಾದ ಪದಗಳ ಕೊನೆಯಲ್ಲಿ ಕಾಣುವ, ಲ್ಯಾಟಿನ್ ಮೂಲದ ಪ್ರತ್ಯಯ. ಇದು ‘ಆ ನಾಡಿಗೆ ಸೇರಿದ’ ಎಂಬ ಅರ್ಥವನ್ನು ಕೊಡುತ್ತದೆ. ಆದ್ದರಿಂದ ಪದದ ನೇರ ಅರ್ಥ ‘ಕೆನರಾ ನಾಡಿನ ಭಾಷೆ’ ಅಥವಾ ‘ಕೆನರಾ ನಾಡಿನ ಜನ’ ಎಂದಾಗುತ್ತದೆ. ‘ಕೆನರಾ’ ಎಂಬುದು ‘ಕನ್ನಡ’ ಎಂಬುದರ ರೂಪಾಂತರವೇ ಎಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿಲ್ಲ. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರು ೧೮೮೬ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶವು ಈ ಸಂಬಂಧವನ್ನು ಸ್ಪಷ್ಟವಾಗಿ ಗುರುತಿಸಿದೆ.

ರೂಪಾಂತರ ನಡೆದ ಬಗೆಯನ್ನು ಎರಡು ಹಂತಗಳಲ್ಲಿ ವಿವರಿಸಬಹುದು. ಮೊದಲನೆಯ ಹಂತ ಒತ್ತಕ್ಷರದ ಲೋಪ. ಮರಾಠಿ, ಕೊಂಕಣಿಗಳಲ್ಲಿ ಪ್ರಾಕೃತದ ದ್ವಿತ್ವ ವ್ಯಂಜನವು ಒಂಟಿಯಾಗಿ ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ. ಸಂಸ್ಕೃತದ ‘ಕರ್ಣ’ ಪ್ರಾಕೃತದಲ್ಲಿ ‘ಕಣ್ಣ’ ಆಗಿ ಮರಾಠಿಯಲ್ಲಿ ‘ಕಾನ’ ಎಂದಾಗಿರುವುದು ಇದಕ್ಕೆ ನಿದರ್ಶನ. ಇದೇ ರೀತಿಯಲ್ಲಿ ‘ಕನ್ನಡ’ವು ‘ಕಾನಡಾ’, ‘ಕಾನಡಿ’ ಎಂಬ ರೂಪಗಳನ್ನು ಪಡೆಯಿತು. ಜ್ಞಾನೇಶ್ವರರದೆಂದು ಪ್ರಸಿದ್ಧವಾದ ಅಭಂಗವೊಂದರಲ್ಲಿ ಪಂಢರಪುರದ ವಿಠ್ಠಲನಿಗೆ ‘ಕಾನಡಾ’ ಹಾಗೂ ‘ಕರ್ನಾಟಕು’ ಎಂಬ ಎರಡೂ ವಿಶೇಷಣಗಳು ಒಟ್ಟಿಗೆ ಸಂದಿವೆ. ಹಿಂದೂಸ್ತಾನಿ ಸಂಗೀತದ ‘ಕಾನಡಾ’ ರಾಗದ ಹೆಸರೂ ಇದೇ ಮೂಲದ್ದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಎರಡನೆಯ ಹಂತ ‘ಡ’ಕಾರವು ‘ರ’ಕಾರವಾದದ್ದು. ಸ್ವರಗಳ ನಡುವೆ ಬರುವ ಮೂರ್ಧನ್ಯ ಡಕಾರ ಪೋರ್ಚುಗೀಸರ ಕಿವಿಗೆ ರಕಾರವಾಗಿಯೇ ಕೇಳಿಸಿತು. ತಮಿಳುನಾಡಿನ ತೂತ್ತುಕುಡಿ ಯುರೋಪಿಯನ್ನರ ಬಾಯಲ್ಲಿ ‘ಟ್ಯುಟಿಕೊರಿನ್’ ಆದದ್ದೂ ಇದೇ ಕ್ರಮದಿಂದ. ಗೋವೆಯಲ್ಲಿ ನೆಲೆಯೂರಿದ ಪೋರ್ಚುಗೀಸರು ಈ ಹೆಸರನ್ನು ನೇರವಾಗಿ ಕನ್ನಡಿಗರಿಂದ ಕೇಳುವುದಕ್ಕಿಂತ ಅಲ್ಲಿಯ ಕೊಂಕಣಿ ಭಾಷಿಕರಿಂದ ಕೇಳಿದ ಸಾಧ್ಯತೆ ಹೆಚ್ಚು. ಅವರ ಬರಹಗಳ ‘ಕನರಾ’ ಎಂಬ ರೂಪವೇ ಮುಂದೆ ಇಂಗ್ಲಿಷಿಗೆ ‘ಕೆನರಾ’ ಆಗಿ ಇಳಿಯಿತು.

ಅರ್ಥದ ಪಲ್ಲಟ

ರೂಪಕ್ಕಿಂತಲೂ ಹೆಚ್ಚು ಕುತೂಹಲಕರವಾದದ್ದು ಅರ್ಥದ ಪಲ್ಲಟ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಬರಹಗಾರರಿಗೆ ‘ಕನರಾ’ ಎಂದರೆ ಘಟ್ಟದ ಮೇಲಿನ ನಾಡು. ಕೆಲವೊಮ್ಮೆ ಸಮಗ್ರ ವಿಜಯನಗರ ಸಾಮ್ರಾಜ್ಯಕ್ಕೂ ಅವರು ಈ ಹೆಸರನ್ನು ಬಳಸಿದ್ದುಂಟು. ೧೫೭೨ರಲ್ಲಿ ಪ್ರಕಟವಾದ ಕಮೋಯಿಶನ ‘ಲೂಸಿಯಾದಾಸ್’ ಮಹಾಕಾವ್ಯದಲ್ಲಿ ಪಶ್ಚಿಮ ಘಟ್ಟವು ಮಲಬಾರನ್ನು ಕನರಾದಿಂದ ಕಾಯುವ ಕೋಟೆಗೋಡೆಯೆಂದು ವರ್ಣಿತವಾಗಿದೆ. ಕವಿಯ ದೃಷ್ಟಿಯಲ್ಲಿ ಕನರಾ ಇರುವುದು ಆ ಗೋಡೆಯ ಆಚೆಗೆ, ಬಯಲುಸೀಮೆಯಲ್ಲಿ ಎಂಬುದು ಇದರಿಂದ ತಿಳಿಯುತ್ತದೆ. ಅರ್ಥಾತ್ ಆರಂಭದಲ್ಲಿ ಈ ಪದ ತನ್ನ ನಿಜವಾದ ನೆಲೆಯಲ್ಲಿಯೇ ಇತ್ತು.

ಕ್ರಮೇಣ ಈ ಹೆಸರು ಘಟ್ಟವನ್ನಿಳಿಯಿತು. ಗೋವೆಯ ಸ್ಥಳೀಯ ಜನರನ್ನು ಪೋರ್ಚುಗೀಸರು ‘ಕನರೀಂ’ ಎಂದು ಕರೆಯುತ್ತಿದ್ದರು. ಹಾಗೆ ಕರೆಸಿಕೊಂಡವರ ಮಾತು ಕೊಂಕಣಿ. ಇಂಗ್ಲೆಂಡಿನಿಂದ ಬಂದ ಯೇಸುಸಭೆಯ ಪಾದ್ರಿ ಥಾಮಸ್ ಸ್ಟೀಫನ್ಸ್ ರಚಿಸಿದ, ಆತನ ಮರಣಾನಂತರ ೧೬೪೦ರಲ್ಲಿ ರಾಚೋಲಿನಲ್ಲಿ ಅಚ್ಚಾದ ವ್ಯಾಕರಣಕ್ಕೆ ‘ಕನರೀಂ ಭಾಷೆಯ ವ್ಯಾಕರಣ’ ಎಂಬ ಅರ್ಥದ ಪೋರ್ಚುಗೀಸ್ ಶೀರ್ಷಿಕೆಯಿದೆ. ಶೀರ್ಷಿಕೆಯನ್ನು ಮಾತ್ರ ನೋಡಿದವರು ಇದನ್ನು ಕನ್ನಡದ ಮೊದಲ ಮುದ್ರಿತ ವ್ಯಾಕರಣವೆಂದು ಭ್ರಮಿಸುವ ಅಪಾಯವಿದೆ. ವಾಸ್ತವವಾಗಿ ಅದು ಕೊಂಕಣಿಯ ವ್ಯಾಕರಣ. ಹೆಸರನ್ನು ನಂಬಿ ವಸ್ತುವನ್ನು ನಿರ್ಣಯಿಸಬಾರದೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯದು.

ಮುಂದೆ ಗೋವೆಯಿಂದ ಮಲಬಾರದವರೆಗಿನ ಕರಾವಳಿಯೇ ‘ಕೆನರಾ’ ಎನಿಸಿತು. ೧೭೯೯ರಲ್ಲಿ ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪನಿಯ ವಶವಾದ ಕರಾವಳಿ ಪ್ರದೇಶಕ್ಕೆ ಇದೇ ಅಧಿಕೃತ ನಾಮವಾಯಿತು. ಬಳಿಕ ಅದು ಉತ್ತರ, ದಕ್ಷಿಣ ಕೆನರಾಗಳೆಂದು ವಿಭಾಗಗೊಂಡು, ೧೮೬೨ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ೧೯೦೬ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕೆನರಾ ಬ್ಯಾಂಕಿನ ಹೆಸರಿನಲ್ಲಿ ಈ ಪದ ಇಂದಿಗೂ ಜೀವಂತವಾಗಿದೆ.

‘ಕರ್ನಾಟಿಕ್’ ಪದದ ಪ್ರಯಾಣ ಇದಕ್ಕೆ ವಿರುದ್ಧ ದಿಕ್ಕಿನದು. ವಿಜಯನಗರದ ಅರಸರ ನಾಡು ಕರ್ನಾಟಕ ಎಂಬ ತಿಳಿವಳಿಕೆಯಿಂದ, ಆ ಸಾಮ್ರಾಜ್ಯದ ಆಳ್ವಿಕೆಗೆ ಒಳಪಟ್ಟಿದ್ದ ತಮಿಳು ಸೀಮೆಯನ್ನೂ ಬಿಜಾಪುರ ಮತ್ತು ಗೋಲ್ಕೊಂಡದ ಸುಲ್ತಾನರು ‘ಕರ್ನಾಟಕ’ ಎಂದರು. ಅದನ್ನು ಘಟ್ಟದ ಮೇಲಿನ ಬಾಲಾಘಾಟ್, ಘಟ್ಟದ ಕೆಳಗಿನ ಪಾಯೀನ್‌ಘಾಟ್ ಎಂದು ವಿಂಗಡಿಸುವ ರೂಢಿಯೂ ಬಂದಿತು. ಆರ್ಕಾಟಿನ ನವಾಬರು ‘ಕರ್ನಾಟಕದ ನವಾಬ’ರೆನಿಸಿಕೊಂಡರು. ೧೭೪೬ರಿಂದ ೧೭೬೩ರವರೆಗೆ ಇಂಗ್ಲಿಷರು ಮತ್ತು ಫ್ರೆಂಚರ ನಡುವೆ ನಡೆದ ಕರ್ನಾಟಿಕ್ ಯುದ್ಧಗಳು ಕನ್ನಡ ನೆಲದ ಯುದ್ಧಗಳಲ್ಲ. ಅವುಗಳ ರಣಭೂಮಿ ಮುಖ್ಯವಾಗಿ ಚೋಳಮಂಡಲ ಕರಾವಳಿ ಹಾಗೂ ಅದರ ಒಳನಾಡು. ಹೀಗೆ ಒಂದೇ ಹೆಸರಿನ ಎರಡು ರೂಪಗಳು ಪರ್ಯಾಯ ದ್ವೀಪದ ಎರಡು ಕರಾವಳಿಗಳನ್ನು ಸೇರಿದವು. ನಡುವಿನ ಪ್ರಸ್ಥಭೂಮಿ ಹೆಸರನ್ನು ಕಳೆದುಕೊಂಡಿತು.

ಮೂಲದ ಬಗೆಗಿನ ವಾದಗಳು

ಇಂಗ್ಲಿಷ್ ಪದದ ಹಿಂದಿರುವ ಕನ್ನಡ ಪದದ ನಿಷ್ಪತ್ತಿಯ ಬಗ್ಗೆಯೂ ಇಲ್ಲಿ ಪ್ರಸ್ತಾಪಿಸುವುದು ಅವಶ್ಯ. ಬಿಷಪ್ ಕಾಲ್ಡ್‌ವೆಲ್ ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ೧೮೫೬ರಲ್ಲಿ ಮೊದಲು ಪ್ರಕಟವಾಯಿತು. ಹರ್ಮನ್ ಗುಂಡರ್ಟ್ ಅವರ ಅಭಿಪ್ರಾಯವನ್ನು ಅನುಸರಿಸಿ ಕಾಲ್ಡ್‌ವೆಲ್ ‘ಕರ್ನಾಟ’ವನ್ನು ‘ಕರು + ನಾಡು’ ಎಂದು ಬಿಡಿಸಿ, ಕಪ್ಪು ನೆಲದ ನಾಡು ಎಂಬ ಅರ್ಥವನ್ನು ಎತ್ತಿಹಿಡಿದರು. ಎರೆಮಣ್ಣಿನ ಹತ್ತಿ ಬೆಳೆಯುವ ಪ್ರಸ್ಥಭೂಮಿಗೆ ಈ ಹೆಸರು ಒಪ್ಪುತ್ತದೆ ಎಂಬುದು ಅವರ ಸಮರ್ಥನೆ. ‘ಕರು’ ಎಂಬುದಕ್ಕೆ ಎತ್ತರ ಎಂಬ ಅರ್ಥವನ್ನು ಹಿಡಿದು ‘ಎತ್ತರದ ನಾಡು’ ಎಂದವರಿದ್ದಾರೆ. ‘ಕಮ್ಮಿತು ನಾಡು’, ಅಂದರೆ ಕಂಪಿನ ನಾಡು, ಎಂಬ ನಿಷ್ಪತ್ತಿಯನ್ನು ಸೂಚಿಸಿದವರೂ ಇದ್ದಾರೆ. ಬೆಳಗಾವಿ ಜಿಲ್ಲೆಯವರೇ ಆದ ಶಂ. ಬಾ. ಜೋಶಿಯವರು ಊರ ಹೆಸರುಗಳ ಹಾಗೂ ಜನಾಂಗ ನಾಮಗಳ ಆಧಾರದಿಂದ ಕನ್ನಡದ ನೆಲೆಯನ್ನು ಇಂದಿನ ಮಹಾರಾಷ್ಟ್ರದ ಒಳಭಾಗಗಳವರೆಗೆ ಗುರುತಿಸಿ ಈ ಚರ್ಚೆಗೆ ಹೊಸ ದಿಕ್ಕನ್ನು ಕೊಟ್ಟರು.

ಈ ವಾದಗಳಲ್ಲಿ ಯಾವುದೂ ಅಂತಿಮವೆನ್ನುವಂತಿಲ್ಲ. ಹೆಸರಿನ ಪ್ರಾಚೀನತೆಯನ್ನು ಮಾತ್ರ ಅಲ್ಲಗಳೆಯಲಾಗದು. ತಮಿಳಿನ ಶಿಲಪ್ಪದಿಕಾರಂ ಕಾವ್ಯದಲ್ಲಿ ‘ಕರುನಾಟರ್’ ಎಂಬ ಉಲ್ಲೇಖವಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ್ದೆಂದು ಹೇಳಿ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ಭಾಗವನ್ನು ತಿರುಳ್ಗನ್ನಡದ ನೆಲೆಯೆಂದು ಗುರುತಿಸುತ್ತದೆ. ಇವುಗಳಲ್ಲಿ ಒಂಕುಂದ ಎಂಬುದು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ಇಂದಿನ ವಕ್ಕುಂದ. ಕೃಷ್ಣಾ ನದಿಯು ಇಂದಿನ ಕರ್ನಾಟಕವನ್ನು ಪ್ರವೇಶಿಸುವ ಚಿಕ್ಕೋಡಿ ಸೀಮೆ ಈ ಗ್ರಂಥ ಹೇಳುವ ನಾಡಿನ ಎಲ್ಲೆಯೊಳಗೇ ಬರುತ್ತದೆ. ಗುಂಡರ್ಟ್ ಅವರ ‘ಕಪ್ಪು ನೆಲ’ದ ಅರ್ಥವನ್ನು ಒಪ್ಪುವುದಾದರೆ, ಅಥಣಿ, ರಾಯಬಾಗಗಳ ಕೃಷ್ಣಾ ದಂಡೆಯ ಎರೆಭೂಮಿ ಆ ಹೆಸರಿಗೆ ತಕ್ಕ ನೆಲ. ಯಾವ ಮಣ್ಣಿನಿಂದ ಹೆಸರು ಹುಟ್ಟಿತೆಂದು ಪಂಡಿತರು ಊಹಿಸಿದರೋ ಆ ಮಣ್ಣನ್ನು ಬಿಟ್ಟು ಇಂಗ್ಲಿಷಿನಲ್ಲಿ ಹೆಸರು ಕೆಂಪುಮಣ್ಣಿನ ಕರಾವಳಿಗೆ ಸಂದಿತು.

ದಕ್ಷಿಣ ಮರಾಠಾ ಸೀಮೆ ಎಂಬ ಹೆಸರು

ಚಿಕ್ಕೋಡಿ ಸೀಮೆಗೆ ಬೇರೆ ಹೆಸರು ಬಂದದ್ದಕ್ಕೆ ರಾಜಕೀಯ ಕಾರಣಗಳಿವೆ. ಆದಿಲ್‌ಶಾಹಿ ಆಳ್ವಿಕೆಯ ಕಾಲಕ್ಕೆ ಈ ಪ್ರದೇಶ ಬಿಜಾಪುರದ ಒಳನಾಡು. ಬಿಜಾಪುರದವರ ಬಾಯಲ್ಲಿ ‘ಕರ್ನಾಟಕ’ವೆಂದರೆ ತಾವು ದಕ್ಷಿಣದಲ್ಲಿ ಗೆಲ್ಲಬೇಕಾದ, ಇಲ್ಲವೆ ಗೆದ್ದ ನಾಡು. ತಮ್ಮ ರಾಜಧಾನಿಯೂ ಕನ್ನಡ ನೆಲದಲ್ಲೇ ಇದ್ದರೂ ಅದಕ್ಕೆ ಆ ಹೆಸರನ್ನು ಅವರು ಅನ್ವಯಿಸಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಈ ಭಾಗ ಪೇಶ್ವೆಯರು, ಪಟವರ್ಧನ ಜಹಗೀರುದಾರರು, ಕೊಲ್ಹಾಪುರದ ಅರಸರು ಮತ್ತು ನಿಪ್ಪಾಣಿಯ ದೇಸಾಯಿ ಮನೆತನ ಇವರ ನಡುವೆ ಹಂಚಿಹೋಯಿತು. ಚಿಕ್ಕೋಡಿ ಮತ್ತು ಮನೋಳಿ ತಾಲೂಕುಗಳು ಪೇಶ್ವೆ ಹಾಗೂ ಕೊಲ್ಹಾಪುರಗಳ ನಡುವಣ ದೀರ್ಘ ವಿವಾದದ ವಸ್ತುಗಳಾಗಿದ್ದವು.

೧೮೧೭-೧೮ರಲ್ಲಿ ಥಾಮಸ್ ಮನ್ರೋ ಈ ಭಾಗದಲ್ಲಿ ಪೇಶ್ವೆಯ ಆಡಳಿತವನ್ನು ಕೊನೆಗಾಣಿಸಿದನು. ಕಂಪನಿಯ ಅಧಿಕಾರಿಗಳು ತಾವು ಗೆದ್ದ ಪ್ರದೇಶವನ್ನು ಹಿಂದಿನ ಒಡೆಯರ ಹೆಸರಿನಿಂದಲೇ ಗುರುತಿಸಿದರು. ಮರಾಠರ ರಾಜ್ಯದ ದಕ್ಷಿಣ ಭಾಗವಾದ್ದರಿಂದ ಅದು ದಕ್ಷಿಣ ಮರಾಠಾ ಸೀಮೆ. ಈ ಹೆಸರು ಹೇಳುವುದು ಆಳಿದವರನ್ನು, ಆಡುವ ಭಾಷೆಯನ್ನಲ್ಲ. ಚಿಕ್ಕೋಡಿ, ಮನೋಳಿಗಳು ಕೆಲಕಾಲ ಕೊಲ್ಹಾಪುರಕ್ಕೆ ಸಂದು, ೧೮೨೦ರ ದಶಕದ ಒಪ್ಪಂದಗಳ ಫಲವಾಗಿ ಮತ್ತೆ ಕಂಪನಿಗೆ ಮರಳಿದವು. ೧೮೩೬ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಕಲೆಕ್ಟರೇಟು ರೂಪುಗೊಂಡಿತು. ೧೮೩೯ರಲ್ಲಿ ನಿಪ್ಪಾಣಿಯ ದೇಸಗತಿಯೂ ವಾರಸುದಾರರಿಲ್ಲವೆಂಬ ಕಾರಣದಿಂದ ಕಂಪನಿಯ ಪಾಲಾಯಿತು. ರಾಯಬಾಗ ಮಾತ್ರ ಕೊಲ್ಹಾಪುರ ಸಂಸ್ಥಾನದಲ್ಲಿಯೇ ಉಳಿದು, ೧೯೪೯ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡಾಗ ಬೆಳಗಾವಿ ಜಿಲ್ಲೆಯನ್ನು ಸೇರಿತು.

ಆಡಳಿತದ ಹೆಸರು ಕಡತದಲ್ಲಿಯೇ ನಿಲ್ಲಲಿಲ್ಲ. ೧೮೮೨ರಲ್ಲಿ ಸ್ಥಾಪಿತವಾದ ರೈಲ್ವೆ ಕಂಪನಿಯೂ ‘ಸದರ್ನ್ ಮರಾಠಾ ರೈಲ್ವೆ’ ಎನಿಸಿತು. ೧೯೦೮ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಕೂಡಿ ‘ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ’ಯಾಯಿತು. ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳಲ್ಲಿ ಗಾಡಿ ಹತ್ತಿದ ಕನ್ನಡ ರೈತನ ಚೀಟಿಯ ಮೇಲೂ ಅದೇ ಹೆಸರು.

ಊರ ಹೆಸರುಗಳ ಇಂಗ್ಲಿಷ್ ಬರಹದಲ್ಲಿಯೂ ಇದೇ ಪ್ರಭಾವ ಕಾಣುತ್ತದೆ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಗ್ಯಾಸೆಟಿಯರಿನ ಬೆಳಗಾವಿ ಸಂಪುಟ ೧೮೮೪ರಲ್ಲಿ ಹೊರಬಂದಿತು. ಅದರಲ್ಲಿ ಚಿಕ್ಕೋಡಿಯು ಒತ್ತಕ್ಷರವಿಲ್ಲದ ‘ಚಿಕೋಡಿ’ಯಾಗಿದೆ. ಮರಾಠಿಯ ಬರಹರೂಪವೂ ಇದೇ. ಕನ್ನಡದ ಕಿವಿಗೆ ‘ಚಿಕ್ಕ’ ಎಂಬ ಶಬ್ದ ಕೇಳಿಸುವ ಹೆಸರಿನಲ್ಲಿ ಆ ಒತ್ತು ಬಿದ್ದುಹೋಯಿತು. ನಿಪ್ಪಾಣಿ ‘ನಿಪಾಣಿ’ಯಾದದ್ದೂ ಹೀಗೆಯೇ. ‘ಕನ್ನಡ’ದ ನಕಾರದ ಒತ್ತು ಬಿದ್ದು ‘ಕನರಾ’ ಆದ ಕ್ರಮವೇ ಇಲ್ಲಿ ಮರುಕಳಿಸಿದೆ. ಎರಡೂ ಸಂದರ್ಭಗಳಲ್ಲಿ ಕನ್ನಡದ ಹೆಸರು ಇಂಗ್ಲಿಷನ್ನು ತಲುಪುವ ಮೊದಲು ಮತ್ತೊಂದು ದೇಶಭಾಷೆಯ ಬಾಗಿಲನ್ನು ದಾಟಿ ಬಂದಂತೆ ತೋರುತ್ತದೆ. ಗೋವೆಯಲ್ಲಿ ಆ ಬಾಗಿಲು ಕೊಂಕಣಿ. ಬೆಳಗಾವಿಯ ಕಚೇರಿಗಳಲ್ಲಿ ಅದು ಮೋಡಿ ಲಿಪಿಯಲ್ಲಿ ದಫ್ತರ ಬರೆಯುತ್ತಿದ್ದ ಕಾರಕೂನರ ಮರಾಠಿ.

ಶಾಸನಗಳು ಮತ್ತು ವಿದ್ವಾಂಸರ ಹೆಸರಿಡುವಿಕೆ

ಸರಕಾರದ ಹೆಸರು ಹೀಗಿದ್ದರೆ ನೆಲದ ಮೇಲೆ ನಿಂತ ಕಲ್ಲುಗಳ ಮಾತು ಬೇರೆಯಾಗಿತ್ತು. ಈ ಸೀಮೆ ಕಲ್ಯಾಣದ ಚಾಲುಕ್ಯರ ಕಾಲದಿಂದ ಸವದತ್ತಿಯ ರಟ್ಟರು ಮತ್ತು ಕೊಲ್ಹಾಪುರದ ಶಿಲಾಹಾರರ ಪ್ರಭಾವ ವಲಯಗಳು ಸಂಧಿಸಿದ ಪ್ರದೇಶ. ರಟ್ಟರ ಶಾಸನಗಳ ಮುಖ್ಯ ಭಾಷೆ ಕನ್ನಡ. ಶಿಲಾಹಾರರೂ ಕೊಲ್ಹಾಪುರದಲ್ಲಿಯೇ ಕನ್ನಡ ಶಾಸನಗಳನ್ನು ಹಾಕಿಸಿದ್ದಾರೆ. ರಾಯಬಾಗವು ಶಾಸನಗಳಲ್ಲಿ ‘ಹೂವಿನ ಬಾಗೆ’ ಎಂಬ ಸೊಗಸಾದ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಚಿಕ್ಕೋಡಿ ತಾಲೂಕಿನ ಯಕ್ಸಂಬಾ ಹನ್ನೆರಡನೆಯ ಶತಮಾನದ ಶಾಸನದಲ್ಲಿ ‘ಎಕ್ಕಸಂಬುಗೆ’ಯಾಗಿದ್ದು ಅಲ್ಲಿ ನೇಮಿನಾಥ ಬಸದಿಯಿತ್ತು. ಕಾಗವಾಡದ ಬಸದಿಯ ೧೩೯೪ರ ಶಾಸನವು ಯಾಪನೀಯ ಸಂಘದ ಕೊನೆಯ ದಿನಗಳ ಅಧ್ಯಯನಕ್ಕೆ ಮುಖ್ಯವಾದ ಆಧಾರ.

ಈ ಕಲ್ಲುಗಳನ್ನು ಓದಿದ ವಿದ್ವಾಂಸರು ತಮ್ಮ ಸಂಗ್ರಹಗಳಿಗೆ ಇಟ್ಟ ಹೆಸರುಗಳನ್ನು ಕಾಲಾನುಕ್ರಮದಲ್ಲಿ ಗಮನಿಸಬೇಕು. ದಕ್ಷಿಣ ಮರಾಠಾ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ೫೯೫ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿ, ಅವುಗಳ ಆಧಾರದ ಮೇಲೆ ೧೮೩೭ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದನು. ಆತನ ಹಸ್ತಪ್ರತಿ ಸಂಗ್ರಹದ ಹೆಸರು ‘ಕರ್ನಾಟಕ ದೇಶದ ಶಾಸನಗಳು’ ಎಂಬ ಅರ್ಥದ್ದು. ಆತನ ಹುದ್ದೆಯ ಮೇಲೆ ಮರಾಠಾ ಎಂಬ ಹೆಸರಿತ್ತು, ಆತನ ಸಂಗ್ರಹದ ಮೇಲೆ ಕರ್ನಾಟಕ ಎಂಬ ಹೆಸರು ಬಂದಿತು. ಅವನ ಬಳಿಕ ಜೆ. ಎಫ್. ಫ್ಲೀಟ್ ೧೮೭೮ರಲ್ಲಿ ‘ಪಾಲಿ, ಸಂಸ್ಕೃತ ಮತ್ತು ಹಳೆಯ ಕೆನರೀಸ್ ಶಾಸನಗಳು’ ಎಂಬ ಸಂಗ್ರಹವನ್ನು ಹೊರತಂದನು. ಅವನ ಪ್ರಸಿದ್ಧ ರಾಜವಂಶಾವಳಿ ಗ್ರಂಥದ ಶೀರ್ಷಿಕೆಯಲ್ಲಿ ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತದ ‘ಕೆನರೀಸ್ ಜಿಲ್ಲೆಗಳು’ ಎನಿಸಿವೆ. ಭಾಷೆಗೆ ಸೀಮಿತವಾಗಿದ್ದ ವಿಶೇಷಣವನ್ನು ಫ್ಲೀಟ್ ಈ ಮೂಲಕ ನೆಲಕ್ಕೆ ಮರಳಿ ಜೋಡಿಸಿದನು. ‘ಕೆನರೀಸ್’ ಪದದ ಇತಿಹಾಸದಲ್ಲಿ ಇದೊಂದು ಮುಖ್ಯ ತಿರುವು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿದ್ದ ಕೆ. ಜಿ. ಕುಂದಣಗಾರರು ೧೯೩೯ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಶಾಸನ ಸಂಪುಟಕ್ಕೆ ‘ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ರಾಜ್ಯದ ಶಾಸನಗಳು’ ಎಂಬ ಅರ್ಥದ ಹೆಸರನ್ನಿಟ್ಟರು. ಅಲ್ಲಿ ‘ಕೆನರೀಸ್’ ಇಲ್ಲ, ‘ದಕ್ಷಿಣ ಮರಾಠಾ’ವೂ ಇಲ್ಲ. ನೂರು ವರ್ಷಗಳ ಅಂತರದಲ್ಲಿ ಅದೇ ನೆಲದ ಕಲ್ಲುಗಳಿಗೆ ಹೆಸರು ಕರ್ನಾಟಕದಿಂದ ಹೊರಟು ಕರ್ನಾಟಕಕ್ಕೇ ಬಂದು ಮುಟ್ಟಿತು.

ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ೧೯೦೬ರಲ್ಲಿ 
ಜನಿಸಿದ ಡಾ. ಆ. ನೇ. ಉಪಾಧ್ಯೆಯವರನ್ನು ಇಲ್ಲಿ ನೆನೆಯಬೇಕು. ಪ್ರಾಕೃತ ಮತ್ತು ಜೈನ ಅಧ್ಯಯನದಲ್ಲಿ ಅಂತರರಾಷ್ಟ್ರೀಯ ಮನ್ನಣೆ ಪಡೆದ ಅವರು ಬಹುಕಾಲ ಕೊಲ್ಹಾಪುರದಲ್ಲಿ ಅಧ್ಯಾಪಕರಾಗಿದ್ದರು. ೧೯೬೭ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಕನ್ನಡ, ಮರಾಠಿ, ಪ್ರಾಕೃತಗಳ ನಡುವೆ ಸಹಜವಾಗಿ ಸಂಚರಿಸಿದ ಇಂಥ ವಿದ್ವತ್ತು ಗಡಿಸೀಮೆಯ ದ್ವಿಭಾಷಿಕ ಪರಿಸರದ ಕೊಡುಗೆಯೆಂದರೆ ತಪ್ಪಾಗದು.

ವ್ಯಾಕರಣ, ನಿಘಂಟುಗಳಲ್ಲಿ ಪದದ ಏಳುಬೀಳು

ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ, ನಿಘಂಟುಗಳ ಶೀರ್ಷಿಕೆಗಳನ್ನು ನೋಡಿದರೆ ‘ಕೆನರೀಸ್’ ಎಂಬುದು ಎಂದೂ ಏಕಮೇವ ಹೆಸರಾಗಿರಲಿಲ್ಲ ಎಂದು ತಿಳಿಯುತ್ತದೆ. ೧೮೧೭ರಲ್ಲಿ ಸೆರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ವ್ಯಾಕರಣದಲ್ಲಿ ಭಾಷೆಯ ಹೆಸರು ‘ಕರ್ನಾಟ’. ೧೮೨೦ರ ಮೆಕೆರೆಲ್ ವ್ಯಾಕರಣದಲ್ಲಿ ಮತ್ತು ೧೮೩೨ರ ವಿಲಿಯಂ ರೀವ್ ನಿಘಂಟಿನಲ್ಲಿ ‘ಕರ್ನಾಟಕ’. ಥಾಮಸ್ ಹಾಡ್ಸನ್ ತನ್ನ ವ್ಯಾಕರಣಕ್ಕೆ ‘ಕನ್ನಡ ಅಥವಾ ಕೆನರೀಸ್ ಭಾಷೆ’ಯ ವ್ಯಾಕರಣವೆಂದು ಹೆಸರಿಟ್ಟನು. ಜನರ ಹೆಸರನ್ನು ಮೊದಲು ಹೇಳಿ ಸಾಹೇಬರ ಹೆಸರನ್ನು ಅನಂತರ ಹೇಳುವ ಈ ಶೀರ್ಷಿಕೆ ಸಂಧಿಕಾಲದ ಸಾಕ್ಷಿ. ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಕೋಶದಲ್ಲಿ ‘ಅಥವಾ’ ಇಲ್ಲ, ಅದು ‘ಕನ್ನಡ-ಇಂಗ್ಲಿಷ್ ನಿಘಂಟು’. ೧೯೧೦ರ ಬ್ರಿಟಿಷ್ ಮ್ಯೂಸಿಯಂ ಗ್ರಂಥಸೂಚಿಯಲ್ಲಿಯೂ ‘ಕನ್ನಡ’ ಎಂದೇ ಇದೆ.

ಆದರೆ ಹಳೆಯ ಪದ ಸುಲಭವಾಗಿ ಸೋಲಲಿಲ್ಲ. ಮೊದಲಕ್ಷರದ ಇಂಗ್ಲಿಷ್ ಬರಹ ಬದಲಾಗಿ, ಅಂದರೆ ‘ಸಿ’ಯ ಜಾಗಕ್ಕೆ ‘ಕೆ’ ಬಂದು, ಅದು ಮತ್ತೆ ಕೆಲವು ದಶಕ ಬಾಳಿತು. ಗ್ರಿಯರ್‌ಸನ್ನನ ಭಾರತೀಯ ಭಾಷಾ ಸರ್ವೇಕ್ಷಣೆಯ ೧೯೦೬ರ ನಾಲ್ಕನೆಯ ಸಂಪುಟವೂ ಇ. ಪಿ. ರೈಸ್ ಅವರ ಸಾಹಿತ್ಯ ಚರಿತ್ರೆಯೂ ಈ ಹೊಸ ಬರಹದ ‘ಕೆನರೀಸ್’ ಅನ್ನೇ ಬಳಸಿದವು. ೧೯೫೦ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ‘ಕನ್ನಡ’ ಎಂದು ದಾಖಲಾದ ಮೇಲೆ ಸರಕಾರಿ ಬಳಕೆಯಲ್ಲಿ ‘ಕೆನರೀಸ್’ಗೆ ಆಧಾರ ಉಳಿಯಲಿಲ್ಲ.

ಹೆಸರಿನ ಪರಿಣಾಮಗಳು

ಹೆಸರು ಕೇವಲ ಗುರುತಿನ ಚೀಟಿಯೆಂದು ಭಾವಿಸುವಂತಿಲ್ಲ. ದಕ್ಷಿಣ ಮರಾಠಾ ಸೀಮೆಯೆಂದು ಹೆಸರಾದ ಪ್ರದೇಶದಲ್ಲಿ ಕಂಪನಿ ಸರಕಾರವು ದಫ್ತರದ ಭಾಷೆಯಾಗಿ ಮರಾಠಿಯನ್ನು ಮುಂದುವರಿಸಿತು. ಸರಕಾರಿ ಶಾಲೆಗಳೂ ಮೊದಲು ಮರಾಠಿ ಶಾಲೆಗಳೇ ಆದವು. ಕನ್ನಡದ ಮಕ್ಕಳು ಮನೆಯಲ್ಲಾಡದ ಭಾಷೆಯಲ್ಲಿ ಅಕ್ಷರ ಕಲಿಯಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಗಳಾದ ರಸೆಲ್ ಮತ್ತು ಡೆಪ್ಯುಟಿ ಚನ್ನಬಸಪ್ಪ ಮೊದಲಾದವರ ಪರಿಶ್ರಮದಿಂದ ಕನ್ನಡ ಶಾಲೆಗಳು, ಕನ್ನಡ ಪಠ್ಯಪುಸ್ತಕಗಳು ಬಂದವು. ಇಂದಿಗೂ ಚಿಕ್ಕೋಡಿ, ನಿಪ್ಪಾಣಿ ಭಾಗದ ಊರುಗಳಲ್ಲಿ ‘ಕನ್ನಡ ಸಾಲಿ’, ‘ಮರಾಠಿ ಸಾಲಿ’ ಎಂದು ಬಿಡಿಸಿ ಹೇಳುವ ರೂಢಿಯಿದೆ. ಆ ಮಾತಿನ ಹಿಂದೆ ಈ ದೀರ್ಘ ಇತಿಹಾಸವಿದೆ.

ಕನ್ನಡಿಗರು ತಮ್ಮ ನಾಡಿನ ಹೆಸರನ್ನು ಸಂಸ್ಥೆಗಳ ಮೂಲಕ ಮರಳಿ ಪಡೆದುಕೊಂಡರು. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, ೧೯೧೪ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ, ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದವು. ೧೯೧೭ರಲ್ಲಿಯೇ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಇವುಗಳಲ್ಲಿ ಯಾವುದೂ ‘ಕೆನರಾ’ ಎಂಬ ಹೆಸರನ್ನು ಆರಿಸಿಕೊಳ್ಳಲಿಲ್ಲ. ಕ್ರಮೇಣ ‘ದಕ್ಷಿಣ ಮರಾಠಾ ಸೀಮೆ’ ಹಿಂದೆ ಸರಿದು ‘ಮುಂಬಯಿ ಕರ್ನಾಟಕ’ ಎಂಬ ಹೆಸರು ರೂಢಿಗೆ ಬಂದಿತು. ೧೯೪೦ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಶಾಸನಗಳ ಹನ್ನೊಂದನೆಯ ಸಂಪುಟದಲ್ಲಿ ಈ ಹೆಸರನ್ನು ಕಾಣಬಹುದು. ೧೯೫೬ರ ನವೆಂಬರ್ ೧ರಂದು ಚಂದಗಡ ತಾಲೂಕನ್ನು ಹೊರತುಪಡಿಸಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ನಾಮಕರಣವಾಯಿತು. ಕರಾವಳಿಯ ಎರಡು ಕೆನರಾಗಳು ಉತ್ತರ ಕನ್ನಡ, ದಕ್ಷಿಣ ಕನ್ನಡಗಳಾದವು. ೨೦೨೧ರಲ್ಲಿ ಮುಂಬಯಿ ಕರ್ನಾಟಕವು ಕಿತ್ತೂರು ಕರ್ನಾಟಕವಾಯಿತು.

ಗಡಿಯ ಪ್ರಶ್ನೆಯಲ್ಲಿಯೂ ಹಳೆಯ ಹೆಸರುಗಳ ನೆರಳು ಬಿದ್ದಿತು. ೧೯೬೬ರಲ್ಲಿ ನೇಮಕಗೊಂಡ ಮಹಾಜನ ಆಯೋಗ ೧೯೬೭ರಲ್ಲಿ ವರದಿ ಸಲ್ಲಿಸಿತು. ನಿಪ್ಪಾಣಿಯೂ ಸೇರಿದಂತೆ ಈ ಸೀಮೆಯ ಹಲವು ಊರುಗಳು ಆ ಚರ್ಚೆಗೆ ಒಳಗಾದವು. ವರದಿಯ ಶಿಫಾರಸುಗಳು ಕಾರ್ಯರೂಪಕ್ಕೆ ಬರಲಿಲ್ಲ. ೨೦೦೪ರಲ್ಲಿ ವಿವಾದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಸಾರ್ವಜನಿಕ ವಾದಗಳಲ್ಲಿ ‘ದಕ್ಷಿಣ ಮರಾಠಾ ಸೀಮೆ’ ಎಂಬ ಹೆಸರನ್ನು ಒಂದು ಪಕ್ಷವೂ, ‘ಕೆನರೀಸ್ ಜಿಲ್ಲೆಗಳು’ ಎಂಬ ಹೆಸರನ್ನು ಮತ್ತೊಂದು ಪಕ್ಷವೂ ಸಾಕ್ಷಿಯಾಗಿ ಎತ್ತಿಕೊಳ್ಳುವುದುಂಟು. ಎರಡೂ ಹೆಸರುಗಳ ಹುಟ್ಟನ್ನು ಅರಿತವರು ಅವುಗಳಿಗೆ ಅಷ್ಟು ಭಾರವನ್ನು ಹೊರಿಸಲಾರರು. ಮೊದಲನೆಯದು ಆಳಿದ ಮನೆತನಗಳ ಗುರುತು. ಎರಡನೆಯದು ಶಾಸನಗಳನ್ನು ಓದಿದ ಒಬ್ಬ ವಿದ್ವಾಂಸನ ನಿರ್ಣಯ. ಎರಡನೆಯದಕ್ಕೆ ಆಧಾರವಾಗಿ ಕಲ್ಲಿನ ಮೇಲಿನ ಬರಹವಿದೆ ಎಂಬ ವ್ಯತ್ಯಾಸ ಮುಖ್ಯವಾದುದು. ಆದರೂ ಹನ್ನೆರಡನೆಯ ಶತಮಾನದ ಶಾಸನ ತನ್ನ ಕಾಲದ ಭಾಷೆಗೆ ಸಾಕ್ಷಿಯೇ ಹೊರತು, ಇಂದಿನ ಪ್ರತಿಯೊಂದು ಮನೆಯ ಮಾತಿಗೆ ಸಾಕ್ಷಿಯಾಗಲಾರದು. ಎರಡು ಭಾಷೆಗಳು ಒಂದೇ ಸಂತೆಯಲ್ಲಿ, ಒಂದೇ ಮನೆಯಲ್ಲಿ ಕೂಡಿ ಬಾಳಿದ ಸೀಮೆಯನ್ನು ಒಂದೇ ಹೆಸರಿನಿಂದ ಅಳೆಯುವುದು ಕಷ್ಟ.

ಉಪಸಂಹಾರ

‘ಕೆನರೀಸ್’ ಪದದ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ‘ಕನ್ನಡ’ ಎಂಬ ಮೂಲ ಹೆಸರು ಭಾಷೆ ಮತ್ತು ನಾಡು ಎರಡಕ್ಕೂ ಸಲ್ಲುತ್ತಿತ್ತು. ಇಂಗ್ಲಿಷಿಗೆ ಹೋದಾಗ ಆ ಐಕ್ಯ ಒಡೆದು, ಭಾಷೆ ಒಂದೆಡೆ, ನಾಡು ಇನ್ನೊಂದೆಡೆಯಾಯಿತು. ಈ ಒಡಕಿನ ಹೊರೆಯನ್ನು ಹೆಚ್ಚಾಗಿ ಹೊತ್ತದ್ದು ಕೃಷ್ಣಾ ತೀರದ ಉತ್ತರದಂಚಿನ ಸೀಮೆ. ಎರಡು, ಸಂಶೋಧಕನು ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಶೀರ್ಷಿಕೆಯನ್ನು ನಂಬಿ ಮುಂದುವರಿಯುವಂತಿಲ್ಲ. ‘ಕನರೀಂ’ ವ್ಯಾಕರಣ ಕೊಂಕಣಿಯದಾಗಿರಬಹುದು. ‘ಕರ್ನಾಟಿಕ್’ ಕಡತ ಆರ್ಕಾಟಿನದಾಗಿರಬಹುದು. ‘ಕೆನರಾ’ದ ವರದಿಯಲ್ಲಿ ಚಿಕ್ಕೋಡಿಯ ಸುಳಿವೇ ಇಲ್ಲದಿರಬಹುದು. ಚಿಕ್ಕೋಡಿಯ ಕನ್ನಡ ರೈತನ ಹಿಡುವಳಿಯ ಲೆಕ್ಕ ‘ದಕ್ಷಿಣ ಮರಾಠಾ ಸೀಮೆ’ಯ ಕಟ್ಟಿನಲ್ಲಿ, ರಾಯಬಾಗದವನ ಲೆಕ್ಕ ಕೊಲ್ಹಾಪುರದ ದಫ್ತರದಲ್ಲಿ, ಒತ್ತಕ್ಷರ ಬಿದ್ದ ಊರ ಹೆಸರಿನಡಿ ಅಡಗಿರಬಹುದು. ಗ್ರಂಥಾಲಯಗಳ ಸೂಚಿಗಳಲ್ಲಿ ಈ ಎಲ್ಲ ಹೆಸರುಗಳನ್ನೂ ‘ಕನ್ನಡ’, ‘ಕರ್ನಾಟಕ’ಗಳೊಡನೆ ಪರಸ್ಪರ ಉಲ್ಲೇಖದಿಂದ ಜೋಡಿಸುವ ಕಾರ್ಯ ನಡೆದಲ್ಲಿ ಈ ಸೀಮೆಯ ಇತಿಹಾಸದ ಬರವಣಿಗೆಗೆ ದೊಡ್ಡ ಉಪಕಾರವಾಗುತ್ತದೆ. ಹೂವಿನ ಬಾಗೆಯೂ ಎಕ್ಕಸಂಬುಗೆಯೂ ತಮ್ಮ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿ ಕಲ್ಲಿನ ಮೇಲೆ ಬರೆಸಿಟ್ಟಿವೆ. ಅವನ್ನು ಆಧಾರವಾಗಿಟ್ಟುಕೊಂಡು ಕಡತಗಳ ಹೆಸರುಗಳನ್ನು ತೂಗಿ ನೋಡುವ ಹೊಣೆ ಮುಂದಿನ ಅಧ್ಯಯನಕಾರರದು.